ಅಜ್ಜಿಯ ಬಿಲ್ಲೆ

ತಟ್ಟೆಯ ನಡುವೆ ಒಂದು ಗುಳಿಗೆ. ಅಂಗಿಯ ಗುಂಡಿಗಿಂತ ಚಿಕ್ಕದು, ಬಿಳಿ ಬಣ್ಣ, ಮಧ್ಯದಲ್ಲಿ ಒಂದು ಗೀಟು. ಅದರ ಸುತ್ತ ನಾಲ್ಕು ಜನ ಕೂತಿದ್ದರು. ತಿಂಡಿಗೆ ಕೂತವರ ಹಾಗಿರಲಿಲ್ಲ, ನ್ಯಾಯ ತೀರ್ಮಾನಕ್ಕೆ ಕೂತವರ ಹಾಗಿದ್ದರು. ತಾಯಿ ಬೇಕರಿಯ ಕೆಲಸಕ್ಕೆ ರಜೆ ಹಾಕಿದ್ದಳು. ತಂದೆ ಲಿಫ್ಟ್ ರಿಪೇರಿಯವನು. ಶನಿವಾರವೂ ಕರೆ ಬಂದರೆ ಓಡಬೇಕಾದವನು, ಅವತ್ತು ಫೋನನ್ನು ಮಗುಚಿ ಇಟ್ಟಿದ್ದ. ಅಜ್ಜಿ ಕೈಕಟ್ಟಿ, ತುಟಿ ಬಿಗಿದು, ಆ ಗುಳಿಗೆಯನ್ನು ಹಾವಿನ ಮರಿಯನ್ನು ನೋಡುವಂತೆ ನೋಡುತ್ತಿದ್ದಳು. ಗುಳಿಗೆ ಯಾರ ಹೊಟ್ಟೆ ಸೇರಬೇಕಿತ್ತೋ ಆ ಎಂಟು ವರ್ಷದ ಹುಡುಗಿ ಮಾತ್ರ ಕುರ್ಚಿಯ ಮೇಲೆ ಮೊಣಕಾಲೂರಿ, ಬ್ರೆಡ್ಡಿನ ಅಂಚನ್ನು ಹರಿದು ಮೀಸೆ ಮಾಡಿ ಮೂಗಿನ ಕೆಳಗೆ ಅಂಟಿಸಿಕೊಳ್ಳುವ ಪ್ರಯತ್ನದಲ್ಲಿದ್ದಳು.

ಅವಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಬುಗುರಿ ಎಂದು. ನಡೆಯಲು ಕಲಿಯುವ ಮೊದಲೇ ಓಡಲು ಕಲಿತವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ನೆರೆಹೊರೆಯವರು ನಗುತ್ತಿದ್ದರು. ನಗುವುದು ಸುಲಭ, ಅವರು ಅವಳ ಹಿಂದೆ ಓಡಬೇಕಾಗಿರಲಿಲ್ಲ. ಶಾಲೆಗೆ ಎರಡು ಬೂಟು ಹಾಕಿಕೊಂಡು ಹೋದವಳು ಒಂದರಲ್ಲಿ ಬರುತ್ತಿದ್ದಳು. ಹೇಳಲು ಹೊರಟ ಕಥೆಯ ನಡುವೆ ಇನ್ನೊಂದು ಕಥೆ ನುಗ್ಗಿ, ಎರಡೂ ಮುಗಿಯದೆ, ಕೊನೆಗೆ ತಾನೇ ಕಂಗಾಲಾಗಿ ಅಳುತ್ತಿದ್ದಳು. ಮೂರು ಮಹಡಿಯ ಮೆಟ್ಟಿಲು ಹತ್ತುವಾಗ ಅಡಿಕೋಲಿನಿಂದ ಕಂಬಿಗಳನ್ನು ಟಣ್ ಟಣ್ ಟಣ್ ಎಂದು ಬಡಿದುಕೊಂಡೇ ಬರುತ್ತಿದ್ದಳು. ಆ ಸದ್ದಿಗೆ ಅಜ್ಜಿ ಹಾಲು ಬಿಸಿಗಿಡುತ್ತಿದ್ದಳು.

ಇದನ್ನೆಲ್ಲ ತಾಯಿ ಹೇಗೋ ನುಂಗಿಕೊಂಡಿದ್ದಳು. ಆದರೆ ಆರು ತಿಂಗಳ ಹಿಂದೆ ಒಂದು ಸಂಜೆ, ರಸ್ತೆಯಾಚೆ ಯಾರೋ ಹಾರಿಸುತ್ತಿದ್ದ ಸೋಪಿನ ಗುಳ್ಳೆ ನೋಡಿ ಬುಗುರಿ ಕೈ ಕಿತ್ತುಕೊಂಡು ಓಡಿದ್ದಳು. ಲಾರಿಯ ಚಕ್ರ ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಅಂದಿನಿಂದ ತಾಯಿಗೆ ಹಿಟ್ಟು ನಾದುವಾಗಲೂ ತನ್ನ ಕೈಯೊಳಗಿಂದ ಒಂದು ಪುಟ್ಟ ಕೈ ಜಾರಿಹೋದಂತೆ ಅನಿಸಿ ಬೆಚ್ಚಿಬೀಳುವುದು ರೂಢಿಯಾಗಿಬಿಟ್ಟಿತ್ತು. ಮಕ್ಕಳ ಡಾಕ್ಟರಮ್ಮ ಅವಸರ ಮಾಡಲಿಲ್ಲ. ಶಾಲೆಯಿಂದ ಬರೆಸಿ ತರಿಸಿದರು, ಹತ್ತು ಸಲ ಕೂರಿಸಿ ಆಟ ಆಡಿಸಿ ನೋಡಿದರು, ದಿನಚರಿ ಬದಲಾಯಿಸಿ ನೋಡಿದರು. ಕೊನೆಗೆ ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಗಮನ ಒಂದು ಕಡೆ ನಿಲ್ಲದ ತೊಂದರೆ, ಇದು ಹಟವಲ್ಲ, ಬೆಳೆಸಿದವರ ತಪ್ಪೂ ಅಲ್ಲ, ಸಣ್ಣ ಪ್ರಮಾಣದಲ್ಲಿ ಔಷಧಿ ಶುರುಮಾಡಿ ನೋಡೋಣ ಎಂದರು. ತಾಯಿ ತಕ್ಷಣ ಹೂಂ ಎಂದಳು. ತಂದೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಲೆ ಬಗ್ಗಿಸಿ ಕಾಗದಕ್ಕೆ ಸಹಿ ಹಾಕಿ ಎದ್ದು ಬಂದ.

ಉಪ್ಪಿನಲ್ಲೂ ಕಲ್ಲು ಹುಡುಕುವ ಅಜ್ಜಿ ಸುಮ್ಮನಿರುತ್ತಾಳೆಯೇ?

"ಓಡಾಡೋ ಮಗೂಗೆ ಔಷಧಿ ಯಾಕೆ?" ಎಂದಿದ್ದಳು. "ಓಡಾಡದೆ ಮೂಲೇಲಿ ಕೂತ್ರೆ ಆಗ ಕೊಡಿ."

"ಲಾರಿ ಮುಂದೆ ಓಡಿದ್ದು ನಿಮ್ಮ ಕೈ ಬಿಡಿಸ್ಕೊಂಡಲ್ಲ ಅತ್ತೆ, ನನ್ನ ಕೈ," ಎಂದು ಸೊಸೆ ಬಾಗಿಲು ಮುಚ್ಚಿಕೊಂಡಿದ್ದಳು.

ಇರಲಿ. ಆ ಶನಿವಾರ ಬುಗುರಿ ಬ್ರೆಡ್ಡಿನ ಮೀಸೆ ತಿಂದು ಮುಗಿಸಿ, ಗುಳಿಗೆಯನ್ನು ಬಾಯಿಗೆ ಹಾಕಿ, ಎರಡು ಗುಟುಕು ನೀರು ಕುಡಿದು, ಇಷ್ಟೇನಾ ಎಂದು ಕೇಳಿದಳು. ಮುಕ್ಕಾಲು ಗಂಟೆ ಕಳೆಯಿತು. ಅವಳು ಮೇಜಿನ ಬಳಿ ಕೂತು ಒಂದು ಚಿತ್ರ ಬರೆಯತೊಡಗಿದಳು. ಮೊದಲ ಬಾರಿಗೆ ಆಕಾಶವನ್ನು ಅಂಚಿನಿಂದ ಅಂಚಿನವರೆಗೆ ತುಂಬಿದಳು. ಸೀಸದ ಕಡ್ಡಿ ಕಾಗದದ ಮೇಲೆ ಓಡಾಡುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ತಾಯಿ ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು... ಸಂತೋಷಕ್ಕೆ. ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮನೆ ತಣ್ಣಗಿತ್ತು.

ಅಜ್ಜಿ ಮಾತ್ರ ಗೋಡೆಯಂತೆ ಬಿಳಿಚಿಕೊಂಡಿದ್ದಳು. ಹತ್ತು ನಿಮಿಷಕ್ಕೊಮ್ಮೆ ಏನೋ ನೆಪ ಮಾಡಿಕೊಂಡು ಮೇಜಿನ ಬಳಿ ಹೋಗುವಳು, ಬಗ್ಗುವಳು, ತನ್ನ ಅಂಗೈಯ ಹಿಂಭಾಗವನ್ನು ಮೊಮ್ಮಗಳ ಮೂಗಿನ ಕೆಳಗೆ ಹಿಡಿಯುವಳು. ಒಂದು ಸಲ, ಎರಡು ಸಲ, ಐದು ಸಲ. ಸೊಸೆಗೆ ರೇಗಿಹೋಯಿತು. ಮಗು ಅಪರೂಪಕ್ಕೆ ಒಂದು ಕಡೆ ಕೂತಿದೆ, ಸುಮ್ಮನೆ ಬಿಡಬಾರದೇ ಎಂದಳು. ಅತ್ತೆ ಆರನೆಯ ಸಲವೂ ಬಗ್ಗಿದಳು. ಆ ಕೈಯನ್ನು ಕಂಡ ಮಗ ಮಾತ್ರ ಕರೆ ಬಾರದ ಫೋನನ್ನು ಕಿಸೆಗೆ ಹಾಕಿಕೊಂಡು, ಲಿಫ್ಟ್ ಕೆಟ್ಟಿದೆಯಂತೆ ಎಂದು ಹೊರಟುಹೋದ.

ಸಂಜೆ ಬುಗುರಿ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಹೇಳಿದಳು: "ಅಜ್ಜೀ, ನನ್ನ ತಲೆ ಒಳಗೆ ಎಲ್ರೂ ಒಟ್ಟಿಗೆ ಮಾತಾಡ್ತಾರಲ್ಲ, ಇವತ್ತು ಒಬ್ಬೊಬ್ರೇ ಮಾತಾಡಿದ್ರು." ಅಜ್ಜಿಯ ಕಿವಿಗೆ ಆ ಮಾತು ಬೀಳಲೇ ಇಲ್ಲ. ಅವಳ ಕಿವಿಯಲ್ಲಿ ಬೇರೆ ಯಾವುದೋ ಮನೆಯ, ಬೇರೆ ಯಾವುದೋ ಮಧ್ಯಾಹ್ನದ ನಿಶ್ಶಬ್ದ ತುಂಬಿಕೊಂಡಿತ್ತು.

ಇನ್ನು ಬಿಲ್ಲೆಯ ವಿಷಯ. ಮಾರನೆಯ ದಿನ ತಂದೆ ಕೆಲಸದ ಕಡೆಯಿಂದ ಮೂರು ತಗಡಿನ ಬಿಲ್ಲೆ ತಂದ. ಒಂದರ ಮೇಲೆ ಅಪ್ಪ, ಒಂದರ ಮೇಲೆ ಅಮ್ಮ, ಒಂದರ ಮೇಲೆ ಅಜ್ಜಿ ಎಂದು ಕೆಂಪು ಬಣ್ಣದಲ್ಲಿ ಬರೆದು, ಔಷಧಿಯ ಕಪಾಟಿನ ಪಕ್ಕ ಒಂದು ಮೊಳೆ ಹೊಡೆದ. ಲಿಫ್ಟಿನವರ ಪದ್ಧತಿ ಅದು. ಲಿಫ್ಟಿನ ಗುಂಡಿಯೊಳಗೆ ಇಳಿಯುವವನು ಮೊದಲು ಮೇನ್ ಸ್ವಿಚ್ ಆರಿಸಿ, ಅದರ ಮೇಲೆ ತನ್ನ ಹೆಸರಿನ ಬಿಲ್ಲೆ ತೂಗುಹಾಕಬೇಕು. ಆ ಬಿಲ್ಲೆಯನ್ನು ಅವನೇ ಮೇಲೆ ಬಂದು ತೆಗೆಯಬೇಕು. ಮೇಸ್ತ್ರಿಯಾಗಲಿ ಮಾಲೀಕನಾಗಲಿ ಬೇರೆಯವರು ಮುಟ್ಟುವಂತಿಲ್ಲ. ಮುಟ್ಟಿದರೆ ಕೆಳಗಿರುವವನ ಗತಿ ಮುಗಿಯಿತು. ಹಾಗೆಯೇ ಇಲ್ಲಿಯೂ ಬೆಳಿಗ್ಗೆ ಯಾರು ಗುಳಿಗೆ ಕೊಡುತ್ತಾರೋ ಅವರು ತಮ್ಮ ಬಿಲ್ಲೆ ತೂಗುಹಾಕಬೇಕು, ಸಂಜೆ ಅವರೇ ತೆಗೆಯಬೇಕು. ಬಿಲ್ಲೆ ಇದ್ದರೆ ಕೊಟ್ಟಾಗಿದೆ ಎಂದರ್ಥ. ಇನ್ನೊಬ್ಬರು ಕಪಾಟು ಮುಟ್ಟಬಾರದು.

"ಒಂದು ಗುಳಿಗೆ ಕೊಡೋಕೆ ಇಷ್ಟು ರಾದ್ಧಾಂತವಾ?" ಎಂದು ಹೆಂಡತಿ ನಕ್ಕಳು.

ಅವನು ನಗಲಿಲ್ಲ. "ಎರಡು ಸಲ ಕೊಟ್ಟುಬಿಟ್ರೆ?" ಎಂದ. ಆ ದನಿ ಕೇಳಿ ಅವಳ ನಗು ಅರ್ಧಕ್ಕೇ ನಿಂತಿತು.

ತನಗೂ ಒಂದು ಬಿಲ್ಲೆ ಬೇಕೆಂದು ಬುಗುರಿ ಕುಣಿದಳು. ನುಂಗುವವರಿಗೆ ಬಿಲ್ಲೆ ಇಲ್ಲ, ಕೊಡುವವರಿಗೆ ಮಾತ್ರ ಎಂದು ತಂದೆ ಅವಳನ್ನು ಸುಮ್ಮನಾಗಿಸಿದ.

ಶಾಲೆಯಿರುವ ದಿನಗಳಲ್ಲಷ್ಟೇ ಗುಳಿಗೆ. ತಾಯಿ ಬೆಳಕು ಹರಿಯುವ ಮೊದಲೇ ಬೇಕರಿಗೆ ಹೊರಡುವವಳು, ತಂದೆ ಏಳಕ್ಕೆ. ತಿಂಡಿಯಾದ ಮೇಲೆ ಏಳೂವರೆಗೆ ಗುಳಿಗೆ ಕೊಡುವ ಕೆಲಸ ಬೇಡ ಬೇಡವೆಂದರೂ ಅಜ್ಜಿಯ ಪಾಲಿಗೇ ಬಂತು. ಬೇಲಿಯನ್ನು ನಂಬಿ ಹೊಲ ಬಿಡುವುದು ಎಂದರೆ ಇದೇ ಇರಬೇಕು. ಸೋಮವಾರ ಬೆಳಿಗ್ಗೆ ಅಜ್ಜಿ ಗುಳಿಗೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಬುಗುರಿ ಬಾಯಿ ತೆರೆದು ಕಾದಳು. ಆಮೇಲೆ ಅಜ್ಜಿ ತನ್ನ ಕನ್ನಡಕದ ಡಬ್ಬಿ ತೆರೆದಳು, ಗುಳಿಗೆಯನ್ನು ಅದರೊಳಗೆ ಹಾಕಿದಳು, ಟಪ್ ಎಂದು ಮುಚ್ಚಿದಳು. ಮೊಮ್ಮಗಳನ್ನು ಎದೆಗೆ ಅವಚಿಕೊಂಡು, ಇದು ನಮ್ಮಿಬ್ಬರ ಗುಟ್ಟು, ಅಪ್ಪ ಅಮ್ಮನಿಗೆ ಹೇಳಬೇಡ, ಹೇಳಿದರೆ ಅಜ್ಜಿಯನ್ನು ಬೈಯುತ್ತಾರೆ ಎಂದಳು. ಬುಗುರಿಗೆ ಅಜ್ಜಿಯೆಂದರೆ ಪ್ರಾಣ. ತಲೆಯಾಡಿಸಿದಳು. ಮೊಳೆಯ ಮೇಲೆ ಅಜ್ಜಿಯ ಬಿಲ್ಲೆ ತೂಗಾಡಿತು.

ಹೀಗೆ ಒಂದು ದಿನವಲ್ಲ, ಹದಿನಾರು ದಿನ.

ಯಾವ ವಿಷಯವನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದ ಆ ಹುಡುಗಿ, ಪಕ್ಕದ ಮನೆಯವರ ಜಗಳವನ್ನೂ ಮೆಟ್ಟಿಲ ಮೇಲೆಯೇ ಕೂಗಿ ಹೇಳುತ್ತಿದ್ದವಳು, ಈ ಒಂದು ಮಾತನ್ನು ಮಾತ್ರ ಬಿಸಿ ತುಪ್ಪದಂತೆ ಬಾಯಲ್ಲಿಟ್ಟುಕೊಂಡು ಓಡಾಡಿದಳು. ಶಾಲೆಯಿಂದ ಮತ್ತೆ ಹಳೆಯ ದೂರುಗಳೇ ಬಂದವು. ತಾಯಿ ಒಳಗೊಳಗೇ ಕುಸಿದಳು. ಮೊದಲ ದಿನ ಅಷ್ಟು ಹಿಡಿದ ಔಷಧಿ ಈಗೇಕೆ ಹಿಡಿಯುತ್ತಿಲ್ಲ ಎಂದು ಡಾಕ್ಟರಮ್ಮನ ಮುಂದೆ ಕಣ್ಣೀರಿಟ್ಟಳು. ತಪ್ಪದೆ ಕೊಡುತ್ತಿದ್ದೀರಾ ಎಂದು ಅವರು ಕೇಳಿದರು. ಬಿಲ್ಲೆಯ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿ, ಒಂದು ದಿನವೂ ತಪ್ಪಿಲ್ಲ ಎಂದಳು. ಡಾಕ್ಟರಮ್ಮ ಯೋಚಿಸಿ ಪ್ರಮಾಣವನ್ನು ಎರಡರಷ್ಟು ಮಾಡಿ, ಮೊದಲ ದಿನ ಶಾಲೆಗೆ ಕಳಿಸದೆ ಮನೆಯಲ್ಲೇ ಗಮನಿಸಿ ಎಂದು ಬರೆದುಕೊಟ್ಟರು.

ಆ ಚೀಟಿಯನ್ನು ಸೊಸೆ ಮನೆಯಲ್ಲಿ ಓದಿ ಹೇಳಿದಾಗ ಅತ್ತೆಯ ಕೈ ತಾನಾಗಿಯೇ ಕನ್ನಡಕದ ಡಬ್ಬಿಯ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಯಾರೂ ಗಮನಿಸಲಿಲ್ಲ, ಬುಗುರಿಯ ಹೊರತು.

ಸೋಮವಾರ ಬಂತು. ಮತ್ತೆ ಅದೇ ಮೇಜು, ಅದೇ ನಾಲ್ಕು ಜನ, ತಟ್ಟೆಯ ನಡುವೆ ಗುಳಿಗೆ. ಈ ಸಲದ್ದು ಸ್ವಲ್ಪ ದೊಡ್ಡದು. ಅಜ್ಜಿ ಗಂಟಲು ಸರಿಮಾಡಿಕೊಂಡು, ಇವತ್ತು ಬೇಡ, ನಾಳೆ ನೋಡೋಣ ಎಂದಳು. ಸೊಸೆ ಕೇಳಿಸಿಕೊಳ್ಳಲಿಲ್ಲ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಅಜ್ಜಿಯ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಸೊಸೆಯ ಮುಂದೆ ಕಳ್ಳಿಯಾಗುವ ಹೆದರಿಕೆ, ಮಗನ ಮುಂದೆ ಆ ಹಳೆಯ ಹೆಸರೆತ್ತುವ ಹೆದರಿಕೆ... ಎರಡೂ ಸೇರಿ ಅದನ್ನು ಅಲ್ಲೇ ತಡೆದವು. ಬುಗುರಿ ಗುಳಿಗೆ ಕೈಗೆತ್ತಿಕೊಂಡು ಅಜ್ಜಿಯ ಮುಖ ನೋಡಿದಳು. ಕಾದಳು. ಅಜ್ಜಿ ಮುಖ ತಿರುಗಿಸಿಕೊಂಡಳು. ಬುಗುರಿ ನುಂಗಿದಳು.

ಒಂಬತ್ತು ಗಂಟೆಯ ಹೊತ್ತಿಗೆ ಅವಳು ಚಿತ್ರ ಬರೆಯುತ್ತಿರಲಿಲ್ಲ. ಗೋಡೆಗೆ ಬೆನ್ನುಕೊಟ್ಟು ಕೂತು ಬೆರಳ ತುದಿಯ ಚರ್ಮ ಸುಲಿಯುತ್ತಿದ್ದಳು. ಕರೆದರೆ ತಿರುಗುತ್ತಿದ್ದಳು, ಆದರೆ ಮಾತಿಲ್ಲ. ಹಾಲು ಬೇಡ, ಹಣ್ಣು ಬೇಡ. ತುಟಿ ಒಣಗಿತ್ತು. ನಗಿಸಲೆಂದು ತಂದೆ ಬ್ರೆಡ್ಡಿನ ಮೀಸೆ ಮಾಡಿ ತನ್ನ ಮೂಗಿಗೇ ಅಂಟಿಸಿಕೊಂಡ. ಅವಳು ಅದನ್ನು ನೋಡಿಯೂ ನೋಡದ ಹಾಗೆ ಕೂತಳು. ಆಗ ಅಜ್ಜಿ ಓಡಿಬಂದು, ನೆಲಕ್ಕೆ ಕುಸಿದು, ಅಂಗೈಯ ಹಿಂಭಾಗವನ್ನು ಅವಳ ಮೂಗಿನ ಕೆಳಗೆ ಹಿಡಿದು ಕರೆದಳು: "ಗುಬ್ಬೀ... ಮಾತಾಡೇ, ಗುಬ್ಬೀ..."

ಆ ಮನೆಯಲ್ಲಿ ಗುಬ್ಬಿ ಎಂಬ ಹೆಸರಿನವರು ಯಾರೂ ಇರಲಿಲ್ಲ. ತಂದೆಯ ಮೂಗಿನಿಂದ ಬ್ರೆಡ್ಡಿನ ಚೂರು ಕೆಳಗೆ ಬಿತ್ತು.

"ಎದೆ ತುಂಬಾ ಜೋರಾಗಿ ಓಡ್ತಿದೆ ಅಮ್ಮ," ಎಂದಳು ಬುಗುರಿ. ತಾಯಿ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಹಳೆಯ ಗುಳಿಗೆ ದಿನಾ ಹೊಟ್ಟೆಗೆ ಹೋಗುತ್ತಿದ್ದದ್ದು ನಿಜವೇ? ಹೌದು, ಹೌದು, ದಿನಾ ಬಿಲ್ಲೆ ಇರುತ್ತಿತ್ತು ಎಂದು ತಾಯಿ ಹೇಳುತ್ತಿರುವಾಗಲೇ ಗೋಡೆಯ ಬಳಿಯಿಂದ ಒಂದು ಸಣ್ಣ ದನಿ ಬಂತು.

"ಅಜ್ಜೀ... ಈಗ ಹೇಳ್ಲಾ?"

ಅಜ್ಜಿ ಹೇಳಲು ಬಿಡಲಿಲ್ಲ. ತಾನೇ ಕನ್ನಡಕದ ಡಬ್ಬಿ ತೆರೆದು ನೆಲದ ಮೇಲೆ ಕೊಡವಿದಳು. ಹದಿನಾರು ಗುಳಿಗೆಗಳು ಉರುಳಿಕೊಂಡು ಹೋಗಿ, ಒಂದು ತಾಯಿಯ ಪಾದಕ್ಕೆ ತಾಗಿ ನಿಂತಿತು.

ಚಿಕಿತ್ಸಾಲಯದಲ್ಲಿ ಡಾಕ್ಟರಮ್ಮ ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ಒಂದು ಗಂಟೆ ಅಲ್ಲೇ ಮಲಗಿಸಿಕೊಂಡರು. ಅಪಾಯವೇನಿಲ್ಲ, ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ಹೆಚ್ಚಾಗಿದೆ, ಸಂಜೆಯ ಹೊತ್ತಿಗೆ ಇಳಿಯುತ್ತದೆ ಎಂದರು. ಕೆಲವು ದಿನ ನಿಲ್ಲಿಸಿ, ಮತ್ತೆ ಮೊದಲಿನ ಸಣ್ಣ ಗುಳಿಗೆಯಿಂದಲೇ ಶುರುಮಾಡಬೇಕು, ಆದರೆ ಈ ಸಲ ಮನೆಯವರೆಲ್ಲ ಒಂದು ಮಾತಿನವರಾಗಿ ಬನ್ನಿ ಎಂದರು.

ಮಧ್ಯಾಹ್ನ ಬುಗುರಿ ಒಳಗಿನ ಕೋಣೆಯಲ್ಲಿ ಮಲಗಿದ ಮೇಲೆ ಸೊಸೆ ಅತ್ತೆಯ ಎದುರು ಬಂದು ನಿಂತಳು. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಅನ್ನಕ್ಕೆ ಮಣ್ಣು ಹಾಕಿ ಅತ್ತೆ, ತಿಂತೀನಿ. ನನ್ನ ಮಗಳ ಔಷಧೀಲಿ ಯಾಕೆ ಆಟ ಆಡಿದ್ರಿ? ಇನ್ಮೇಲೆ ಅವಳನ್ನ ಮುಟ್ಟಬೇಡಿ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಮುಗಿಯಿತೆಂದು ಆ ಮುದುಕಿಗೆ ಅರ್ಥವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ಮೂವತ್ತೊಂದು ವರ್ಷಗಳಿಂದ ಯಾರ ಬಳಿಯೂ ಬಿಚ್ಚದ ಗಂಟನ್ನು ಬಿಚ್ಚಿದಳು. ತನಗೆ ಒಬ್ಬ ಮಗಳಿದ್ದಳು, ಗುಬ್ಬಿ, ಐದು ವರ್ಷದವಳು. ಜ್ವರ ಬಂದು ಹೋದಳೆಂದು ಸೊಸೆಗೆ ಹೇಳಿದ್ದು ಸುಳ್ಳು. ಗುಬ್ಬಿಯೂ ಹೀಗೇ, ಒಂದು ಕಡೆ ಕೂತವಳಲ್ಲ. ಬೆಳಗಿನಿಂದ ಸಂಜೆಯವರೆಗೆ ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ಗಂಡ ತೀರಿಹೋಗಿದ್ದ, ನೂಲಿನ ಗಿರಣಿಯಲ್ಲಿ ಹಗಲು ಪಾಳಿ, ಮನೆಯಲ್ಲಿ ಇಬ್ಬರು ಮಕ್ಕಳು ಮಾತ್ರ. ಬಾಗಿಲು ತೆರೆದು ಬೀದಿಗೆ ಓಡುವ ಮಗುವನ್ನು ಏನು ಮಾಡುವುದು? ಬೀದಿಯ ಕೊನೆಯ ಔಷಧಿ ಅಂಗಡಿಯವನು ಒಂದು ಬಾಟಲಿ ಕೊಟ್ಟಿದ್ದ. ಒಂದು ಚಮಚ ಹಾಕಿದರೆ ಮಗು ಮಧ್ಯಾಹ್ನದವರೆಗೆ ಮಲಗಿರುತ್ತದೆ ಎಂದಿದ್ದ.

"ಒಂದೇ ಚಮಚ ಹಾಕಿ ಹೋದೆ," ಎಂದಳು. "ವಾಪಸ್ ಬಂದೆ. ಮಲಗಿದ್ಲು. ಮನೆ ತಣ್ಣಗಿತ್ತು. ನಾನು... ನಾನು ಸಂತೋಷಪಟ್ಟೆ. ಎಬ್ಬಿಸ್ಲಿಲ್ಲ. ಅಕ್ಕಿ ತೊಳೆದೆ, ಒಲೆ ಹಚ್ಚಿದೆ, ಕಾಲು ಚಾಚಿ ಕೂತೆ. ಎಷ್ಟೋ ದಿನ ಆದ್ಮೇಲೆ ಒಂದು ಗಂಟೆ ಆರಾಮಾಗಿ ಕೂತೆ. ಆ ಒಂದು ಗಂಟೆ ನಾನು ಅವಳ ಉಸಿರು ನೋಡ್ಲಿಲ್ಲ. ಮೊನ್ನೆ ಮೊದಲನೇ ದಿನ ನೀನು ಬಾಗಿಲಿಗೆ ಒರಗಿ ಸಂತೋಷಕ್ಕೆ ಅಳ್ತಿದ್ದೆಯಲ್ಲ... ಅಲ್ಲಿ ನಿಂತಿದ್ದು ನಾನೇ ಅನಿಸ್ತು."

ತಣ್ಣಗಿದ್ದ ಮನೆಯಲ್ಲಿ ತಾನು ಅತ್ತ ಆ ಅಳು ಸೊಸೆಗೆ ನೆನಪಾಗಿ ಮೈ ಜುಮ್ಮೆಂದಿತು.

ಇಷ್ಟು ಹೊತ್ತೂ ಕಿಟಕಿಯ ಕಡೆ ಮುಖಮಾಡಿ ನಿಂತಿದ್ದ ಮಗ ತಿರುಗಿದ. ಅವನ ಮುಖ ನೋಡಿದರೆ ನಲವತ್ತರ ಗಂಡಸು ಎನಿಸುತ್ತಿರಲಿಲ್ಲ.

"ಅಮ್ಮ, ನೀನು ಮಗು ಹೊಟ್ಟೇಲಿ ಗುಟ್ಟು ಇಡಬಾರ್ದಾಗಿತ್ತು," ಎಂದ. "ಬೇರೆ ಏನು ಬೇಕಾದ್ರೂ ಮಾಡಬಹುದಾಗಿತ್ತು. ಅದೊಂದು ಬೇಡವಾಗಿತ್ತು. ಗುಟ್ಟು ಹೊಟ್ಟೇಲಿಟ್ಕೊಂಡ ಮಗು ಹೇಗಿರುತ್ತೆ ಅಂತ ನಂಗೊತ್ತು."

"ನಿಂಗೇನು ಗೊತ್ತು?"

"ಒಂದು ಚಮಚ ಅಲ್ಲ ಅಮ್ಮ."

ಮುದುಕಿ ಮಗನ ಮುಖವನ್ನೇ ನೋಡಿದಳು.

"ಅವತ್ತು ನಂಗೆ ಪರೀಕ್ಷೆಗೆ ಓದೋದಿತ್ತು. ನೀನು ಹೋದ ಸ್ವಲ್ಪ ಹೊತ್ತಿಗೆ ಅವಳು ಎದ್ದು ಕೂತ್ಲು. ತಟ್ಟೆ ಬಡಿಯೋಕೆ ಶುರುಮಾಡಿದ್ಲು. ನಿಲ್ಲಿಸು ಅಂದೆ, ನಿಲ್ಲಿಸ್ಲಿಲ್ಲ. ನೀನು ಕೊಟ್ಟ ಹಾಗೇ ನಾನೂ ಒಂದು ಚಮಚ ಕೊಟ್ಟೆ. ಆಮೇಲೆ ಇನ್ನೊಂದು. ಸಿಹಿ ಇದೆ, ಇನ್ನೂ ಕೊಡು ಅಂದ್ಲು... ಕೊಟ್ಟೆ. ಎಷ್ಟು ಅಂತ ನೆನಪಿಲ್ಲ ಅಮ್ಮ. ನೀನು ಎದೆ ಬಡ್ಕೊಂಡು ನಾನೇ ಕೊಂದೆ, ನಾನೇ ಕೊಂದೆ ಅಂತ ಅಳ್ತಿದ್ದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಹೇಳೋಕೆ ಬಾಯಿ ತೆರೆದೆ. ಹೇಳ್ಲಿಲ್ಲ. ಮೂವತ್ತೊಂದು ವರ್ಷ ಆಯ್ತು, ದಿನಾ ಬಾಯಿ ತೆರೀತೀನಿ."

ಹೆಂಡತಿಗೆ ಮೊಳೆಯ ಮೇಲಿನ ಬಿಲ್ಲೆಗಳ ಅರ್ಥ ಆಗ ಹೊಳೆಯಿತು. ಎರಡು ಸಲ ಕೊಟ್ಟುಬಿಟ್ಟರೆ ಎಂದು ಕೇಳಿದ ಆ ದನಿ ನಲವತ್ತರ ಗಂಡಸಿನದಲ್ಲ, ಒಂಬತ್ತು ವರ್ಷದ ಹುಡುಗನದು ಎಂದು ಅರ್ಥವಾಗಿ ಅವಳು ಗೋಡೆ ಹಿಡಿದುಕೊಂಡಳು. ಮುದುಕಿ ಕೇಳಿದ್ದು ಒಂದೇ ಮಾತು.

"ಸಿಹಿ ಇದೆ ಅಂದ್ಲಾ?"

ಮಗ ತಲೆಯಾಡಿಸಿದ. ಮುದುಕಿ ಎದ್ದು, ತನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡಳು.

ಆ ಮಧ್ಯಾಹ್ನ ಅಷ್ಟು ನಿಧಾನವಾಗಿ ಕಳೆಯಿತೆಂದರೆ ಗಡಿಯಾರದ ಮುಳ್ಳಿಗೂ ಸುಸ್ತಾಗಿರಬೇಕು. ಹೆಂಡತಿ ಗಂಡನ ಪಕ್ಕ ಬಂದು ನೆಲದ ಮೇಲೆ ಕೂತು, ಚದುರಿಬಿದ್ದ ಗುಳಿಗೆಗಳನ್ನು ಒಂದೊಂದಾಗಿ ಹೆಕ್ಕಿ ಕಾಗದದಲ್ಲಿ ಕಟ್ಟಿದಳು, ನಾಳೆ ಔಷಧಿ ಅಂಗಡಿಗೆ ಹಿಂತಿರುಗಿಸೋಣ ಎಂದಳು. ಒಳಗಿನ ಕೋಣೆಯಲ್ಲಿ ಮಗಳು, ಆಚೆ ಕೋಣೆಯಲ್ಲಿ ಅತ್ತೆ. ಅವಳು ಎರಡು ಬಾಗಿಲ ನಡುವೆ ಕಿವಿಗೊಟ್ಟು ಕೂತಳು. ತಣ್ಣಗಿನ ಮನೆಯೆಂದರೆ ಅವಳಿಗೂ ಈಗ ಹೆದರಿಕೆಯಾಗತೊಡಗಿತ್ತು.

ಸಂಜೆ ಐದರ ಹೊತ್ತಿಗೆ ಒಳಗಿನ ಕೋಣೆಯಿಂದ ಏನೋ ದೊಪ್ಪನೆ ಬಿದ್ದ ಸದ್ದು ಬಂತು. ಬುಗುರಿ ಮಂಚದಿಂದ ಹಾರಿದ್ದಳು. ಹಸಿವು, ಬ್ರೆಡ್ಡು ಬೇಕು ಎಂದು ಕೂಗುತ್ತ ಹೊರಬಂದಳು. ಆ ಸದ್ದಿಗೆ ಮುದುಕಿಯ ಬಾಗಿಲೂ ತೆರೆಯಿತು. ತಂದೆ ಮಗಳನ್ನು ನೋಡಿದ, ತನ್ನ ತಾಯಿಯನ್ನು ನೋಡಿದ, ಇನ್ನೇನು ಮಾಡಲೂ ತೋಚದೆ ಎದ್ದು ಕಪಾಟಿನ ಬಳಿ ಹೋದ. ಶುಕ್ರವಾರ ತೂಗುಹಾಕಿದ ಅಜ್ಜಿಯ ಬಿಲ್ಲೆ ಇನ್ನೂ ಹಾಗೇ ಇತ್ತು. ಅಜ್ಜಿ ತೆಗೆಯಲು ಮರೆತಿದ್ದಳು, ಎಲ್ಲರೂ ಮನೆಯಲ್ಲಿದ್ದ ಆ ಬೆಳಿಗ್ಗೆ ಬಿಲ್ಲೆಯ ಕಡೆ ಯಾರೂ ನೋಡಿರಲಿಲ್ಲ. ಅದನ್ನು ಕಿತ್ತೆಸೆಯಲು ಅವನು ಕೈಯೆತ್ತಿದ. ಮುದುಕಿ ಅವನ ಮಣಿಕಟ್ಟು ಹಿಡಿದಳು.

"ಬಿಡು. ಅದು ನಾನು ಹಾಕಿದ್ದು. ಹಾಕಿದವರೇ ತೆಗೀಬೇಕು, ನೀನೇ ಮಾಡಿದ ನಿಯಮ ಅಲ್ವಾ?"

"ಅಮ್ಮ..."

"ಸುಮ್ನಿರು, ನಾನು ಒಳಗೆ ಕೂತು ಯೋಚನೆ ಮಾಡಿದೀನಿ. ಬಾಟಲಿನ ನಿನ್ನ ಕೈಗೆ ಎಟುಕೋ ಹಾಗೆ ಇಟ್ಟೋಳು ನಾನು. ಒಂದು ಚಮಚ ಹಾಕೋದು ಹೇಗೆ ಅಂತ ನಿನ್ನ ಎದುರಿಗೇ ಮಾಡಿ ತೋರಿಸ್ದೋಳು ನಾನು. ಒಂಬತ್ತು ವರ್ಷದ ಮಗನ ಕೈಗೆ ಐದು ವರ್ಷದ ಮಗಳನ್ನ ಬಿಟ್ಟುಹೋದೋಳು ನಾನು. ಆ ಮನೇಲಿ ಬಿಲ್ಲೆ ಅಂತ ಇದ್ದಿದ್ರೆ ಮೊಳೆ ಮೇಲೆ ನನ್ನ ಬಿಲ್ಲೇನೇ ಇರ್ತಿತ್ತು. ನೀನು ಅದನ್ನ ಮುಟ್ಟಬೇಡ. ನನ್ನ ಜೊತೇನೇ ಹೋಗ್ಲಿ ಅದು."

ಅವನು ಆ ಕೈಯನ್ನೇ ಹಿಡಿದುಕೊಂಡು, ಕಪಾಟಿಗೆ ಹಣೆಯೊತ್ತಿ, ಒಂಬತ್ತು ವರ್ಷದವನಾಗಿ ಅಳಬೇಕಾಗಿದ್ದ ಅಳುವನ್ನು ಅತ್ತ. ಮುದುಕಿ ಇನ್ನೊಂದು ಕೈಯಿಂದ ಮೊಳೆಯ ಮೇಲಿನ ತನ್ನ ಬಿಲ್ಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬುಗುರಿ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿ, ಅಪ್ಪ ಯಾಕೆ ಅಳ್ತಿದ್ದಾನೆ ಎಂದು ಕೇಳಿದಳು. ಅಪ್ಪನಿಗೆ ಒಬ್ಬ ತಂಗಿ ಇದ್ದಳು, ಅವಳ ನೆನಪಾಯಿತು ಎಂದಳು ತಾಯಿ. ಅಂದು ಮೊದಲ ಬಾರಿಗೆ ಆ ಮನೆಯಲ್ಲಿ ಗುಬ್ಬಿಯ ಹೆಸರನ್ನು ಮೂರು ಜನ ಸೇರಿ ಹೇಳಿದರು.

ಹತ್ತು ದಿನ ಕಳೆದವು. ಅತ್ತೆ ಸೊಸೆಯ ನಡುವೆ ಮಾತು ಉಪ್ಪು ಕೊಡಿ, ಬಾಗಿಲು ಹಾಕಿ ಎಂಬಷ್ಟಕ್ಕೇ ನಿಂತಿತ್ತು. ಡಾಕ್ಟರಮ್ಮನ ಬಳಿ ಮತ್ತೆ ಹೋದಾಗ ಸೊಸೆಯೇ ಅತ್ತೆಗೆ ಚಪ್ಪಲಿ ಹಾಕಿಕೊಳ್ಳಿ ಎಂದಳು. ನಿದ್ದೆ ಬರಿಸುವ ಔಷಧಿ ಇದಲ್ಲ, ಅದು ಬೇರೆ ಇದು ಬೇರೆ ಎಂದು ಡಾಕ್ಟರಮ್ಮ ಮುದುಕಿಗೆ ಅರ್ಧ ಗಂಟೆ ಬಿಡಿಸಿ ಹೇಳಿದರು. ಮುದುಕಿ ಎಲ್ಲವನ್ನೂ ಕೇಳಿ, ಕೊನೆಗೆ, ಕೂತಾಗ ಉಸಿರು ನೋಡಬಹುದಲ್ಲ ಎಂದು ಕೇಳಿದಳು. ಎಷ್ಟು ಸಲ ಬೇಕಾದರೂ ನೋಡಿ ಎಂದರು ಅವರು.

ಅಂದು ಸಂಜೆ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಸೊಸೆ ಹೇಳಿದಳು:

"ಅತ್ತೆ, ನಾಳೆ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗ್ಬೇಕು. ಅವರೂ ಏಳಕ್ಕೆ ಹೊರಡ್ತಾರೆ. ಗುಳಿಗೆ ಯಾರು ಕೊಡ್ತಾರೆ?"

ಅತ್ತೆ ತೊಳೆದಿಟ್ಟ ಪಾತ್ರೆಗಳನ್ನು ಒರೆಸಲು ಬಟ್ಟೆ ತೆಗೆದುಕೊಂಡಳು. ಸೊಸೆ ಸ್ವಲ್ಪ ಸರಿದು ಜಾಗ ಕೊಟ್ಟಳು.

ಬೆಳಿಗ್ಗೆ ಏಳೂವರೆ. ಮನೆಯಲ್ಲಿ ಇಬ್ಬರೇ. ಮೊಳೆಯ ಪಕ್ಕ ಈಗ ಇನ್ನೊಂದು ಮೊಳೆ, ಕಪಾಟಿನ ಮೇಲೆ ಬುಗುರಿ ಎಂದು ಬರೆದ ಪುಟ್ಟ ಬಿಲ್ಲೆ. ನುಂಗುವವರಿಗೂ ಒಂದು ಇರಬೇಕು ಎಂದು ತಂದೆಯೇ ಮಾಡಿಕೊಟ್ಟಿದ್ದ. ಎರಡೂ ತೂಗಿದರೆ ಮಾತ್ರ ಕೊಟ್ಟ ಹಾಗೆ. ಮುದುಕಿ ಕನ್ನಡಕ ಹಾಕಿಕೊಂಡು, ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟು, ಗೀಟಿರುವ ಬಿಳಿ ಗುಳಿಗೆಯನ್ನು ಮೊಮ್ಮಗಳ ಅಂಗೈಯಲ್ಲಿಟ್ಟಳು. ಗುಳಿಗೆ ಬಾಯಿಗೆ ಹೋಯಿತು, ನೀರು ಹೋಯಿತು. ಬುಗುರಿ ಓಡಿಹೋಗಿ ತನ್ನ ಬಿಲ್ಲೆ ಸಿಕ್ಕಿಸಿದಳು. ಅಜ್ಜಿ ಸೊಂಟದಿಂದ ತನ್ನದನ್ನು ತೆಗೆದು ಅದರ ಪಕ್ಕ ಸಿಕ್ಕಿಸಿದಳು.

ಶಾಲೆಯ ವ್ಯಾನಿಗೆ ಇನ್ನೂ ಸಮಯವಿತ್ತು. ಹುಡುಗಿ ಬೂಟು ಹಾಕಿಕೊಳ್ಳಲು ನೆಲದ ಮೇಲೆ ಕೂತಳು. ಒಂದು ಬೂಟು, ಎರಡು ಬೂಟು. ಲೇಸು ಕಟ್ಟುವಾಗ ತಲೆ ತಗ್ಗಿಸಿ, ಮೆಲ್ಲನೆ, ಸದ್ದಿಲ್ಲದೆ ಗಂಟು ಹಾಕತೊಡಗಿದಳು. ಅಷ್ಟೇ ಸಾಕಾಯಿತು. ಗುಳಿಗೆ ಹೊಟ್ಟೆ ತಲುಪಿರಲೂ ಇಲ್ಲವೇನೋ, ಅಜ್ಜಿ ಆಗಲೇ ಬಗ್ಗಿ ಅಂಗೈಯ ಹಿಂಭಾಗವನ್ನು ಅವಳ ಮೂಗಿನ ಕೆಳಗೆ ಹಿಡಿದಿದ್ದಳು. ಬುಗುರಿ ತಲೆಯೆತ್ತಿ ನೋಡಿದಳು. ನಗಲಿಲ್ಲ, ಬೇಡವೆನ್ನಲೂ ಇಲ್ಲ. ಲೇಸು ಬಿಟ್ಟು, ಎರಡೂ ಕೈಯಿಂದ ಆ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಂದೊಂದು, ಗುಬ್ಬಿ ಅತ್ತೇದೊಂದು. ಎಣಿಸ್ಕೋ ಅಜ್ಜಿ," ಎಂದು ಕೆನ್ನೆ ಉಬ್ಬಿಸಿ ಜೋರಾಗಿ ಎರಡು ಸಲ ಉಸಿರು ಬಿಟ್ಟಳು.

ಮುದುಕಿ ಕೈ ತೆಗೆಯಲಿಲ್ಲ. ಕೆಳಗೆ ವ್ಯಾನಿನ ಹಾರ್ನು ಕೇಳಿಸಿ, ಹುಡುಗಿ ಅಡಿಕೋಲು ಹಿಡಿದು ಹೊರಗೋಡಿ, ಟಣ್ ಟಣ್ ಸದ್ದು ಮೂರು ಮಹಡಿ ಇಳಿದು ಹೋದ ಮೇಲೂ, ಅವಳು ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು.